ರೋಲಾಂಡ್ಸೆಕ್ ಸ್ಟೇಷನ್: ವರಾಂಡ ಕೊನೆಗೂ ನೆಟ್ಟಗೆ ನಿಂತಿತು

ನಿಂತಿತು! ಜರ್ಮನಿಯ ರೋಲಾಂಡ್ಸೆಕ್ ರೈಲು ಸ್ಟೇಷನ್ನಿನ ಪುಟಾಣಿ ಮಾಡೆಲ್ ಮಾಡುತ್ತಿದ್ದೇನಲ್ಲ, ಅದರ ರೈನ್ ನದಿ ಕಡೆಯ ವರಾಂಡ ಪೂರ್ತಿ ನಿಂತಿದೆ. ಕೆಳಗಿನ ಕಂಬಗಳು, ಮೇಲಿನ ರೇಲಿಂಗ್, ಎಲ್ಲಾ ಒಂದೇ ಗೆರೆಯಲ್ಲಿ. ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ, ಎಲ್ಲೂ ಡೊಂಕಿಲ್ಲ. ಗೋಡೆ, ಕಿಟಕಿ, ಛಾವಣಿ ಬಗ್ಗೆ ಬರೆಯುವುದಿಲ್ಲ. ಅವು ಎಲ್ಲರೂ ಮಾಡುವ ಹಾಗೇ ಆದವು. ಈ ಸಲ ಬರೀ ವರಾಂಡದ ಕಥೆ.

ಈ ಸ್ಟೇಷನ್ನಿಗೆ ವರಾಂಡ ಯಾಕಷ್ಟು ಮುಖ್ಯ ಅಂದರೆ, ಕಟ್ಟಡದ ಠೀವಿ ಇರುವುದೇ ನದಿ ಕಡೆ. ಬಾನ್ ಊರಿನಿಂದ ದಕ್ಷಿಣಕ್ಕೆ ಬಂದ ರೈಲು ಮಾರ್ಗ 1856ರಲ್ಲಿ ಇಲ್ಲಿಗೆ ಮುಟ್ಟಿತು. ಕೆಲವು ಕಾಲ ಇದೇ ಕೊನೆ ಸ್ಟೇಷನ್. ಜನ ರೈಲು ಇಳಿದು ಹಬೆ ದೋಣಿ ಹತ್ತುತ್ತಿದ್ದರು. ಕಾಯುವವರು ಕೂತು ನದಿ ನೋಡಲಿ ಅಂತಲೇ ಕಟ್ಟಿಸಿದ ಹಾಗಿದೆ ಈ ಕಟ್ಟಡ. 1858ರ ಹೊತ್ತಿಗೆ ಮುಗಿಯಿತು. ಸಂಗೀತಗಾರರಾದ ಬ್ರಾಮ್ಸ್, ಕ್ಲಾರಾ ಶೂಮನ್ ಬಂದು ಹೋದ ಜಾಗ. ಮುಂದೆ ಕೆಡವುವ ಮಾತು ಬಂದಾಗ 1964ರಲ್ಲಿ ಯೋಹಾನೆಸ್ ವಾಸ್ಮುತ್ ಎಂಬ ಕಲಾ ವ್ಯಾಪಾರಿ ಉಳಿಸಿದರು. ಈಗ ಅದು ಆರ್ಪ್ ಎಂಬ ಕಲಾವಿದನ ಹೆಸರಿನ ಆರ್ಪ್ ಮ್ಯೂಸಿಯಂ. ಹಳಿಯ ಅಡಿಯ ಸುರಂಗ ದಾಟಿ, ಲಿಫ್ಟ್ ಹತ್ತಿದರೆ ಗುಡ್ಡದ ಮೇಲೆ ವಾಸ್ತುಶಿಲ್ಪಿ ರಿಚರ್ಡ್ ಮೈಯರ್ ಕಟ್ಟಿದ ಬಿಳಿ ಕಟ್ಟಡ, 2007ರದ್ದು. ನನ್ನ ಮಾಡೆಲ್‌ನಲ್ಲಿ ಆ ಗುಡ್ಡ ಇನ್ನೂ ಖಾಲಿ, ಹಳಿ ಮೇಲೆ ವಿದ್ಯುತ್ ತಂತಿಯೂ ಇಲ್ಲ. ನನಗೆ ಬೇಕಾದದ್ದು 1860ರ ಆಸುಪಾಸು.

ಈಗ ತಲೆನೋವಿನ ವಿಷಯ. ಎರಕದ ಕಬ್ಬಿಣದ ಸಣ್ಣ ಕಂಬಗಳು. 10 ಸೆಂಟಿಮೀಟರ್ ದಪ್ಪದ ಕಂಬ 1:87ರಲ್ಲಿ, ಅಂದರೆ ಅಸಲಿಯ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಸುಮಾರು 1.15 ಮಿಲಿಮೀಟರ್. ರೇಲಿಂಗಿನ 2 ಸೆಂಟಿಮೀಟರ್ ಸರಳು 0.23 ಮಿಲಿಮೀಟರ್. ರೆಸಿನ್‌ನಲ್ಲಿ (ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) 3ಡಿ ಪ್ರಿಂಟ್ ಮಾಡಿದರೆ ಬರುವಾಗ ಚೆನ್ನಾಗೇ ಬರುತ್ತವೆ. ಯುವಿ ಬೆಳಕಿಗೆ ಇಟ್ಟ ಮೇಲೆ ಒಂದು ಮಗ್ಗುಲು ಬೇಗ ಕುಗ್ಗಿ, ನುಗ್ಗೆಕಾಯಿ ಹಾಗೆ ಬಾಗಿಬಿಡುತ್ತವೆ. ತಿರುಗಿಸಿ ತಿರುಗಿಸಿ ಕ್ಯೂರ್ ಮಾಡಿದರೂ ಅಷ್ಟೇ. ಒಂದು ಕಂಬ ಬಾಗಿದರೆ ಪರವಾಗಿಲ್ಲ ಅನ್ನಬಹುದು. ಸಾಲಾಗಿ ನಿಂತಾಗ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಅಲ್ವಾ?

ಹಾಗಾಗಿ ಕಂಬಕ್ಕೆ 1.2 ಮಿಲಿಮೀಟರ್ ಹಿತ್ತಾಳೆ ಸರಳು. ಬುಡ ಮತ್ತು ತಲೆ ಮಾತ್ರ ರೆಸಿನ್, ನಡುವೆ ತೂತು. ಬೆಸುಗೆ ಎಲ್ಲಾ ಮುಗಿದ ಮೇಲೆ ಇವನ್ನು ಕೆಳಗಿನಿಂದ ತೂರಿಸಿದರೆ ರೆಸಿನ್ ಸುಡುವ ಭಯವಿಲ್ಲ.

ರೇಲಿಂಗ್ ಎಚಿಂಗ್‌ಗೆ, ಅಂದರೆ ಲೋಹದ ಹಾಳೆಯನ್ನು ಆಸಿಡ್ ಹಾಕಿ ಕೊರೆಯುವವರಿಗೆ, ಕೊಟ್ಟೆ. 0.2 ಮಿಲಿಮೀಟರ್ ಹಾಳೆ ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಬಂದದ್ದು 0.3. ಹಾಳೆಯ ದಪ್ಪಕ್ಕಿಂತ ಸಣ್ಣ ಗೆರೆ ಎಚಿಂಗ್‌ನಲ್ಲಿ ನಿಲ್ಲುವುದಿಲ್ಲ ಅಂತ ಈ ಕೆಲಸ ಮಾಡುವವರಿಗೆ ನಾನು ಹೇಳಬೇಕಾ? ಅರ್ಧ ಸರಳು ಆಸಿಡ್ ತಿಂದು ಹಾಕಿತ್ತು. "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಅಂದರು. ಮಾಡ್ಕೊಳ್ಳಲಿಲ್ಲ. ಬೇರೆಯವರ ಹತ್ತಿರ ಹೋದೆ. ದುಡ್ಡು ಜಾಸ್ತಿ, ಆದರೆ ಸರಳುಗಳು ಕೂದಲೆಳೆಯ ಹಾಗೆ ಶುದ್ಧವಾಗಿ ಬಂದವು.

ಅಸಲಿ ಗಲಾಟೆ ಬೆಸುಗೆಯಲ್ಲಿ. ಕಂಬಗಳ ತಲೆಗೆ ಉದ್ದ ಪಟ್ಟಿ, ಪಟ್ಟಿಯ ಮೇಲೆ ರೇಲಿಂಗ್. ಹಿತ್ತಾಳೆ ಶಾಖ ಹರಿಸುವುದರಲ್ಲಿ ಗಟ್ಟಿಗ. ಇಲ್ಲಿ ರೇಲಿಂಗ್ ಕೂರಿಸುವಷ್ಟರಲ್ಲಿ ಪಕ್ಕದ ಕಂಬ ಬಿಟ್ಟುಕೊಂಡು, ಭಾಗಗಳನ್ನು ಹಿಡಿದಿಡುವ ಜಿಗ್‌ನಲ್ಲಿ ವಾಲುತ್ತಿತ್ತು. ಒದ್ದೆ ಬಟ್ಟೆ, ಅಲ್ಯೂಮಿನಿಯಂ ಕ್ಲಿಪ್, ಯಾವುದೂ ಸಾಲಲಿಲ್ಲ.

ಕೊನೆಗೆ ಕೈ ಹಿಡಿದದ್ದು ಎರಡು ಬಗೆಯ ಸೋಲ್ಡರ್ (ಕರಗಿಸಿ ಬೆಸೆಯುವ ಲೋಹ). ಕಂಬ ಮತ್ತು ಪಟ್ಟಿಗೆ ಮಾಮೂಲಿ 63/37 (63 ಪಾಲು ತವರ, 37 ಪಾಲು ಸೀಸ), ಅದು ಕರಗುವುದು 183 ಡಿಗ್ರಿಗೆ. ರೇಲಿಂಗಿಗೆ ತವರ-ಬಿಸ್ಮತ್ ಪೇಸ್ಟ್, 138 ಡಿಗ್ರಿಗೇ ಕರಗುತ್ತದೆ. ಬೆಸುಗೆ ಐರನ್ ತುದಿಯನ್ನು 175ರಲ್ಲಿ ಇಟ್ಟೆ. ರೇಲಿಂಗ್ ಕೂತಿತು, ಕಂಬ ಅಲ್ಲಾಡಲಿಲ್ಲ! ಒಂದು ಎಚ್ಚರಿಕೆ: ಎರಡು ಸೋಲ್ಡರ್ ಒಂದಕ್ಕೊಂದು ತಾಗಬಾರದು. ಸೀಸ, ತವರ, ಬಿಸ್ಮತ್ ಮೂರೂ ಬೆರೆತರೆ 100 ಡಿಗ್ರಿ ಒಳಗೇ ಕರಗುವ ಮಿಶ್ರಣ ಆಗುತ್ತದೆ. ಅದಕ್ಕೇ ರೇಲಿಂಗಿನ ಕಾಲುಗಳನ್ನು ಕಂಬದ ನೆತ್ತಿಯ ಮೇಲೆ ಇಡದೆ, ಎರಡು ಕಂಬಗಳ ನಡುವೆ ಇಟ್ಟೆ. ಬಿಸ್ಮತ್ ಬೆಸುಗೆ ಸ್ವಲ್ಪ ಪೆಡಸು, ಬಗ್ಗಿಸಲು ಹೋಗಬೇಡಿ. ಪೇಸ್ಟ್ ಕೊಳ್ಳುವಾಗ ತಾರೀಖು ನೋಡಿ. ನನಗೆ ಮೊದಲು ಬಂದ ಸಿರಿಂಜಿನಲ್ಲಿ ಪೇಸ್ಟ್ ಒಣಗಿ ಮರಳಾಗಿತ್ತು.

ಈ ವರಾಂಡದಲ್ಲಿ ನಿಂತರೆ ಆಚೆ ದಡದಲ್ಲಿ ಕಾಣುವುದು ಡ್ರಾಖೆನ್‌ಫೆಲ್ಸ್ ಬೆಟ್ಟ. ಅದರ ಮೇಲೆ 1883ರಿಂದ ಹಲ್ಲುಹಳಿ ರೈಲು (ನಡುವಿನ ಹಳಿಯನ್ನು ಹಲ್ಲುಚಕ್ರ ಕಚ್ಚಿ ಏರುವಂಥದ್ದು) ಓಡುತ್ತಿದೆ, ರಿಗೆನ್‌ಬಾಖ್ ಪದ್ಧತಿಯದ್ದು. ಏಣಿಯ ಹಾಗಿರುವ ಆ ನಡುಹಳಿಯ ಚಿತ್ರ ನೋಡಿದಾಗಿನಿಂದ ಕೈ ತುರಿಸುತ್ತಿದೆ. ಕಡಿದಾದ ಕಡೆ 5 ಮೀಟರಿಗೆ 1 ಮೀಟರ್ ಏರು! ಮೀಟರ್ ಗೇಜ್ ಆದ್ದರಿಂದ 12 ಮಿಲಿಮೀಟರ್ ಹಳಿ ಸಾಕು. ಹಲ್ಲುಹಳಿಯನ್ನೂ ಎಚಿಂಗ್‌ನಲ್ಲೇ ತೆಗೆದು ಮಡಚಬಹುದು ಅನ್ನಿಸುತ್ತಿದೆ. ಯಾರಾದರೂ ಮಾಡಿದ್ದರೆ ಹಾಳೆ ಎಷ್ಟು ದಪ್ಪ ತಗೊಂಡಿರಿ ಅಂತ ಹೇಳಿ.

ಸದ್ಯಕ್ಕೆ ವರಾಂಡವನ್ನು ಐಸೋಪ್ರೊಪೈಲ್‌ನಲ್ಲಿ ತೊಳೆದು, ಬೆಸುಗೆಗೆ ಬಳಸಿದ ಫ್ಲಕ್ಸ್ ತೆಗೆದಿದ್ದೇನೆ. ನಾಳೆ ಪ್ರೈಮರ್, ಅದೂ ಏರ್‌ಬ್ರಷ್‌ನಲ್ಲೇ. ಕ್ಯಾನಿನಿಂದ ಹೊಡೆದರೆ ಸರಳುಗಳ ನಡುವಿನ ಸಂದು ಮುಚ್ಚಿಹೋಗುತ್ತದೆ.