ಫಾರ್ಮ್ಯಾಟ್ ಹೊಡೆಸುವ ಮುಂಚೆ

ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಲೋಗೋ ಬರುತ್ತದೆ. ಇನ್ನೇನು ತೆರೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಪರದೆ ಕಪ್ಪಾಗಿ ಮತ್ತೆ ಮೊದಲಿಂದ ಶುರು. ಬೇಸಿಗೆಯಲ್ಲಿ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಹಿಡಿದ ಕಾಯಿಲೆ ಇದು. ನಮ್ಮದು ದಾವಣಗೆರೆ, ಮಂಡಕ್ಕಿ ಭಟ್ಟಿಗಳಿಗೆ ಹತ್ತಿರದ ಮನೆ. ಅಪ್ಪ ಹರಿಹರ, ರಾಣೆಬೆನ್ನೂರಿನ ಅಂಗಡಿಗಳಿಗೆ ಮಂಡಕ್ಕಿ ಚೀಲ ಹಾಕುತ್ತಾರೆ. ಯಾರ ಹತ್ತಿರ ಎಷ್ಟು ಉದ್ರಿ ಇದೆ ಅನ್ನೋ ಲೆಕ್ಕ ಎಲ್ಲಾ ಅದರೊಳಗೇ ಇತ್ತು.

ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮುಂಚೆಯೇ ‘ವಿಂಡೋಸ್ ಹೋಗಿದೆ, ತಗೊಂಡು ಬನ್ನಿ, ಫಾರ್ಮ್ಯಾಟ್ ಹೊಡೆಯೋಣ’ ಅಂದರು. ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು.

‘ಫಾರ್ಮ್ಯಾಟ್ ಹೊಡೆದ್ರೆ ಲೆಕ್ಕ ಇರ್ತದೇನಪಾ?’ ಅಂತ ಅಪ್ಪ ಕೇಳಿದರು.

ನನಗೆ ಸಿಟ್ಟು ಬಂದಿದ್ದು ಇಲ್ಲೇ. ಯಾವ ಹಂತದಲ್ಲಿ ರೀಸ್ಟಾರ್ಟ್ ಆಗ್ತಿದೆ ಅಂತಾದರೂ ಕೇಳಬೇಕಲ್ವಾ? ಕಾಯಿಲೆ ಏನು ಅನ್ನೋದು ಅರ್ಧ ಅದರಲ್ಲೇ ಗೊತ್ತಾಗುತ್ತದೆ.

ನಮ್ಮದರಲ್ಲಿ ಇದ್ದಿದ್ದು ವಿಂಡೋಸ್ 7. ವಿಂಡೋಸ್ ಎಡವಿ ಬಿದ್ದಾಗ ನೀಲಿ ಪರದೆಯಲ್ಲಿ ಕಾರಣದ ಕೋಡ್ ತೋರಿಸುತ್ತದೆ. ಆದರೆ ತಕ್ಷಣ ತಾನಾಗೇ ರೀಸ್ಟಾರ್ಟ್ ಆಗಿಬಿಡುವುದರಿಂದ ಓದೋಕೆ ಸಮಯವೇ ಸಿಗೋದಿಲ್ಲ. ಆನ್ ಮಾಡಿದ ಕೂಡಲೇ ಎಫ್8 ಒತ್ತುತ್ತಾ ಹೋದರೆ ಒಂದು ಮೆನು ಬರುತ್ತದೆ. ತಾನಾಗಿ ರೀಸ್ಟಾರ್ಟ್ ಆಗುವುದನ್ನು ಅಲ್ಲಿ ನಿಲ್ಲಿಸಬಹುದು. ವಿಂಡೋಸ್ 10ರಲ್ಲಿ ಇದು ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಒಳಗೆ 9ನೇ ಆಯ್ಕೆ. ನಿಲ್ಲಿಸಿ ನೋಡಿದೆ. ನೀಲಿ ಪರದೆ ಬರಲೇ ಇಲ್ಲ, ಸುಮ್ನೆ ರೀಸ್ಟಾರ್ಟ್ ಆಯಿತು. ಬೇಕೇಬೇಕಾದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ತೆರೆಯುವ ಸೇಫ್ ಮೋಡ್‌ನಲ್ಲೂ ಅದೇ ಕಥೆ.

ಆಮೇಲೆ ಡಿಲೀಟ್ ಕೀ ಒತ್ತಿ ಬಯೋಸ್ ಅನ್ನೋ, ಮದರ್‌ಬೋರ್ಡ್‌ನದೇ ಸೆಟ್ಟಿಂಗ್ಸ್ ಪರದೆಯೊಳಗೆ ಹೋಗಿ, ಏನನ್ನೂ ಮುಟ್ಟದೆ ಕಾಯುತ್ತಾ ಕುಳಿತೆ. ಅಲ್ಲಿ ಇನ್ನೂ ವಿಂಡೋಸ್ ಶುರುವೇ ಆಗಿರೋದಿಲ್ಲ. ಸ್ವಲ್ಪ ಹೊತ್ತು ಸರಿಯಾಗಿದ್ದ ಯಂತ್ರ ಅಲ್ಲೂ ಪಟ್ಟನೆ ರೀಸ್ಟಾರ್ಟ್ ಆಯಿತು! ಅಲ್ಲಿಗೆ ಇದು ವಿಂಡೋಸ್‌ ತೊಂದರೆ ಅಲ್ಲ ಅನ್ನೋದು ಖಾತ್ರಿ. ‘ಅಪ್ಪಾ, ಲೆಕ್ಕಕ್ಕೆ ಏನೂ ಆಗಿರಲಿಕ್ಕಿಲ್ಲ’ ಅಂತ ಧೈರ್ಯವಾಗಿ ಹೇಳಿದೆ.

ಪ್ಲಗ್ ತೆಗೆದು ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗೆಲ್ಲಾ ಮಸಿ. ನಮ್ಮ ಕಡೆ ಒಣಹಾಕಿದ ಬಿಳಿ ಪಂಚೆಯ ಮೇಲೂ ಕೂರುವ ಭಟ್ಟಿ ಮಸಿ ಅದು. ರ‍್ಯಾಮ್ ಅನ್ನೋ ಮೆಮೊರಿ ಪಟ್ಟಿ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಿಂದ ಉಜ್ಜಿ ಮತ್ತೆ ಕೂರಿಸಿದೆ. ಅದರಿಂದ ಏನೂ ಬದಲಾಗಲಿಲ್ಲ. ಪ್ರೊಸೆಸರ್ ಫ್ಯಾನ್ ತಿರುಗುತ್ತಿತ್ತು, ಬಯೋಸ್ ತೋರಿಸಿದ ಬಿಸಿಯೂ ಜಾಸ್ತಿ ಇರಲಿಲ್ಲ. ಉಳಿದಿದ್ದು ಎಸ್‌ಎಂಪಿಎಸ್, ಅಂದರೆ ಗೋಡೆಯಿಂದ ಬರುವ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಕೊಡುವ ಪೆಟ್ಟಿಗೆ.

ಎಲೆಕ್ಟ್ರಿಕಲ್ ಕೆಲಸ ಮಾಡುವ ಗೆಳೆಯ ಮಲ್ಟಿಮೀಟರ್ ತಂದ. ಖಾಲಿ ಇದ್ದ ಒಂದು ಕನೆಕ್ಟರ್‌ನ ಕಪ್ಪು ವೈರಿಗೆ ಮೀಟರಿನ ಕಪ್ಪು ಕಡ್ಡಿ, ಹಳದಿಗೆ ಕೆಂಪು ಕಡ್ಡಿ. ಹಳದಿಯಲ್ಲಿ 12 ವೋಲ್ಟ್ ಇರಬೇಕು. ಶೇಕಡಾ 5ರಷ್ಟು ಆಚೀಚೆ ಆದರೆ ಪರವಾಗಿಲ್ಲ, ಅಂದರೆ 11.4ಕ್ಕಿಂತ ಕೆಳಗೆ ಹೋಗಬಾರದು. ಆನ್ ಮಾಡಿದಾಗ 11.6 ಇತ್ತು. ವಿಂಡೋಸ್ ಲೋಗೋ ಬಂದು ಹಾರ್ಡ್ ಡಿಸ್ಕ್ ಗುರುಗುಡಲು ಶುರುವಾಗಿದ್ದೇ ತಡ, 11.3, 11.1 ಅಂತ ಇಳಿಯುತ್ತಾ ಬಂತು. ನಾವಿಬ್ಬರೂ ಅಂಕಿ ನೋಡುತ್ತಿದ್ದ ಹಾಗೇ ಪರದೆ ಕಪ್ಪಾಯಿತು. ‘ಸಿಕ್ತು ನೋಡಲೇ!’ ಅಂದ ಅವನು.

ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ‘ಕರೆಂಟು ಸರಿಯಾಗಿದೆ’ ಅಂತ ಹೇಳುವ ಒಂದು ವೈರ್ ಇರುತ್ತದೆ, ಸಾಮಾನ್ಯವಾಗಿ ಬೂದು ಬಣ್ಣದ್ದು. ವೋಲ್ಟೇಜ್ ಕುಸಿದು ಆ ಸೂಚನೆ ತಪ್ಪಿದರೆ ಬೋರ್ಡ್ ರೀಸೆಟ್ ಆಗುತ್ತದೆ. ಸುಧಾರಿಸಿಕೊಂಡರೆ ಮತ್ತೆ ಮೊದಲಿಂದ ಶುರು. ಎಸ್‌ಎಂಪಿಎಸ್‌ನ ಫ್ಯಾನಿನ ಜಾಲರಿ ಮಸಿಯಿಂದ ಮುಚ್ಚೇ ಹೋಗಿತ್ತು. ಒಳಗೆ ಕರೆಂಟನ್ನು ಸ್ವಲ್ಪ ಹಿಡಿದಿಟ್ಟು ಏರಿಳಿತ ಸರಿಮಾಡುವ ಕೆಪಾಸಿಟರ್‌ಗಳಿಗೆ ಬಿಸಿ ಅಂದರೆ ಆಗುವುದಿಲ್ಲ. 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಈ ಕಸುಬಿನವರ ಲೆಕ್ಕ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ, ಗಾಳಿಯೇ ಆಡದ ಪೆಟ್ಟಿಗೆಯೊಳಗೆ ಅವು ಇಷ್ಟು ದಿನ ತಡೆದಿದ್ದೇ ದೊಡ್ಡದು.

ಆ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲಿಲ್ಲ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ, ಜೀವಕ್ಕೇ ಅಪಾಯ. ಗೆಳೆಯನ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದು ಜೋಡಿಸಿದೆವು. ಮೀಟರ್ 12.1 ತೋರಿಸಿತು, ವಿಂಡೋಸ್ ನೇರವಾಗಿ ತೆರೆದುಕೊಂಡಿತು. ಒಂದು ಸಾಲೂ ಅಳಿಸಿರಲಿಲ್ಲ. ಬೇರೆ ಕೆಲಸಕ್ಕೆ ಕೈ ಹಾಕುವ ಮುಂಚೆ ಲೆಕ್ಕದ ಫೋಲ್ಡರ್ ಪೂರ್ತಿ ಪೆನ್ ಡ್ರೈವ್‌ಗೆ ಇಳಿಸಿಕೊಂಡೆ.

ಮರುದಿನ ಗ್ಯಾರಂಟಿ ಇರುವ ಹೊಸ ಎಸ್‌ಎಂಪಿಎಸ್ ತಂದು ಹಾಕಿದೆ. ಭಟ್ಟಿ ಕಡೆಯ ಕಿಟಕಿ ಕೆಳಗೆ, ನೆಲದ ಮೇಲಿದ್ದ ಡಬ್ಬಿ ಈಗ ನಡುಮನೆಯ ಮೇಜಿನ ಮೇಲಿದೆ. ಜಾಲರಿಗೆ ಬ್ರಷ್ ಹಾಕುವ ಕೆಲಸ ಅಮ್ಮ ತಾನೇ ವಹಿಸಿಕೊಂಡಿದ್ದಾರೆ. ಪ್ಲಗ್ ತೆಗೆದ ಮೇಲೆ ಮಾತ್ರ ಮುಟ್ಟಬೇಕು ಅಂತ ಹೇಳಿದ್ದೇನೆ.