ಚಿತ್ರ ಆಮೇಲೆ, ನಂಬರ್ ಮೊದಲು

ಹಾವೇರಿ ಜಿಲ್ಲೆಯ ಶಾಲೆಗಳಿಗೆ ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಖಗೋಳದ ಪಾಠ ಮಾಡುವುದು ನನ್ನ ಕೆಲಸ. ಬೇರೆ ನಕ್ಷತ್ರಗಳನ್ನು ಸುತ್ತುವ ದೂರದ ಗ್ರಹಗಳ ಪಾಠ ಬಂದಾಗ ಒಂದು ಪ್ರಶ್ನೆ ತಪ್ಪುವುದಿಲ್ಲ. ಪರದೆ ಮೇಲೆ ಚೆಂದದ ನೀಲಿ ಗ್ರಹ ಕಂಡ ಕೂಡಲೇ ಹಿಂದಿನ ಸಾಲಿನಿಂದ ಯಾರಾದರೂ ಕೇಳುತ್ತಾರೆ, "ಸರ್ರ, ಈ ಫೋಟೋ ಯಾರ್ ಹೊಡದಾರ್ರಿ?"

ಯಾರೂ ಹೊಡೆದಿಲ್ಲ. ಅದು ಕಲಾವಿದರು ಬರೆದದ್ದು. ಸೂರ್ಯನಂಥ ನಕ್ಷತ್ರವನ್ನು ಸುತ್ತುವ ಗ್ರಹ ಮೊದಲು ಸಿಕ್ಕಿದ್ದು 1995ರಲ್ಲಿ, 51 ಪೆಗಾಸಿ ಬಿ. ಹುಡುಕಿದ ಮಿಷೆಲ್ ಮೇಯರ್, ಡಿಡಿಯೆ ಕೆಲೋ ಅವರಿಗೆ 2019ರಲ್ಲಿ ನೊಬೆಲ್ ಬಂತು. ಅವರೂ ಗ್ರಹವನ್ನು ಕಣ್ಣಾರೆ ಕಂಡವರಲ್ಲ. ಗ್ರಹದ ಎಳೆತಕ್ಕೆ ನಕ್ಷತ್ರ ನಾಲ್ಕು ದಿನಕ್ಕೊಮ್ಮೆ ಆಚೀಚೆ ತೂಗುತ್ತಿರುವುದು ಅದರ ಬೆಳಕಿನಲ್ಲಿ ಗೊತ್ತಾಯಿತು, ಅಷ್ಟೇ.

ಗ್ರಹ ಮುಂದೆ ಹಾದಾಗ ನಕ್ಷತ್ರದ ಬೆಳಕು ಕುಗ್ಗುವುದನ್ನು ಅಳೆಯುವುದು ಇನ್ನೊಂದು ದಾರಿ. ಹಾಗಾಗಿ ನಾನೀಗ ಬಲ್ಬಿನಿಂದ ಶುರು ಮಾಡುತ್ತೇನೆ. ಬಲ್ಬು ನಕ್ಷತ್ರ, ಕಾಳು ಗ್ರಹ. ಏಳು ಸೆಂ.ಮೀ. ಅಗಲದ ಉಂಡನೆಯ ಬಲ್ಬು, ಎದುರಿಗೆ ಬೆಳಕು ಅಳೆಯುವ ಆ್ಯಪ್ ಹಾಕಿದ ಫೋನು, ದಾರಕ್ಕೆ ಅಂಟಿಸಿದ ಒಂದು ಕಡಲೆಕಾಳು. ಕಾಳನ್ನು ಬಲ್ಬಿಗೆ ತಾಗಿಸಿದಂತೆ ದಾಟಿಸಬೇಕು. ಫೋನಿನ ಹತ್ತಿರ ತಂದರೆ ಲೆಕ್ಕ ಕೆಡುತ್ತದೆ. 300 ಇದ್ದ ನಂಬರ್ 297ಕ್ಕೆ ಇಳಿಯುತ್ತದೆ. ನೂರಕ್ಕೆ ಒಂದು. ಗುರು ಗ್ರಹ ಸೂರ್ಯನ ಮುಂದೆ ಹಾದರೆ ದೂರದಿಂದ ನೋಡುವವರಿಗೆ ಬೆಳಕು ಕುಗ್ಗುವುದೂ ಹೆಚ್ಚುಕಮ್ಮಿ ಇಷ್ಟೇ. "ಭೂಮಿ ಆದ್ರ?" ಅಂತಾರೆ. ಆಗ ಕಡಲೆ ತೆಗೆದು ಗಸಗಸೆ ಇಡಬೇಕು. ಫೋನಿಗೆ ಅದು ಗೊತ್ತೇ ಆಗುವುದಿಲ್ಲ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಅಷ್ಟು ಸಣ್ಣ ಇಳಿತ ಹಿಡಿಯಲೆಂದೇ ಕಟ್ಟಿದ್ದು.

ಈ ಪ್ರಯೋಗ ಮಾಡುವವರಿಗೆ ಒಂದು ಮಾತು: ಚಾರ್ಜಿಂಗ್ ಬಲ್ಬು ತನ್ನಿ. ಹಳ್ಳಿ ಶಾಲೆಯಲ್ಲಿ ಪಕ್ಕದ ಪಂಪ್‌ಸೆಟ್ ಶುರುವಾದರೆ ಸಾಕು, ವೋಲ್ಟೇಜ್ ಬಿದ್ದು ಕಾಳೇ ಇಲ್ಲದೆ ನಂಬರ್ ಇಳಿಯುತ್ತದೆ. ನಾನಂತೂ ಒಮ್ಮೊಮ್ಮೆ ಬೇಕೆಂದೇ ಕರೆಂಟಿನ ಬಲ್ಬು ಹಚ್ಚುತ್ತೇನೆ. ಯಾವ ಇಳಿತ ಕಾಳಿನದು, ಯಾವುದು ಕರೆಂಟಿನದು ಅಂತ ಮಕ್ಕಳೇ ಜಗಳಕ್ಕೆ ಬೀಳುತ್ತಾರೆ. ನಕ್ಷತ್ರಕ್ಕೂ ಕಪ್ಪು ಕಲೆಗಳಿರುತ್ತವೆ, ಅದರ ಬೆಳಕೂ ಏರಿಳಿಯುತ್ತದೆ. ಅದಕ್ಕೇ ಕೆಪ್ಲರ್ ತಂಡ ಸಮ ಅಂತರದಲ್ಲಿ ಕನಿಷ್ಠ ಮೂರು ಸಲ ಇಳಿಯಲಿ ಎಂದು ಕಾಯುತ್ತಿತ್ತು. ಭೂಮಿಯಂಥದ್ದಾದರೆ ವರ್ಷಕ್ಕೊಂದೇ ಸಲ, ಅದೂ ಕೆಲವು ಗಂಟೆ.

ಗ್ರಹ ಹುಟ್ಟುವ ಕಥೆಗೆ ಮಾತ್ರ ಚಿತ್ರದಿಂದಲೇ ಶುರು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದರೆ ನಮ್ಮ ಕಡೆ ಮಕ್ಕಳಿಗೆ ಮೊದಲು ನೆನಪಾಗುವುದು ಮಳೆ. ರೋಹಿಣಿ ಇರುವ ವೃಷಭ ರಾಶಿಯಲ್ಲೇ, ಅದಕ್ಕಿಂತ ತುಂಬಾ ಹಿಂದೆ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿ ಎಚ್‌ಎಲ್ ಟೌರಿ ಎಂಬ ಎಳೆ ನಕ್ಷತ್ರವಿದೆ. ಅನಿಲ, ದೂಳಿನ ಮೋಡ ತನ್ನ ಭಾರಕ್ಕೆ ತಾನೇ ಕುಸಿದು, ತಿರುಗುತ್ತಾ ಚಪ್ಪಟೆಯಾಗಿ, ನಡುವೆ ನಕ್ಷತ್ರ, ಸುತ್ತ ತಟ್ಟೆ ಆಗಿದೆ. 2014ರಲ್ಲಿ ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕ ತೆಗೆದ ಚಿತ್ರದಲ್ಲಿ ಆ ತಟ್ಟೆಯ ತುಂಬ ಉಂಗುರಗಳು, ನಡುನಡುವೆ ಕಪ್ಪು ಸಂದುಗಳು. ಅಲ್ಲಿ ಗ್ರಹಗಳು ಬೆಳೆಯುತ್ತಿರಬಹುದು ಅನ್ನುತ್ತಾರೆ.

ನನ್ನ ಪ್ರತಿ ಸ್ಲೈಡಿನ ಮೂಲೆಯಲ್ಲಿ ಈಗ ‘ತೆಗೆದದ್ದು’ ಅಥವಾ ‘ಬರೆದದ್ದು’ ಅಂತಿರುತ್ತದೆ. ಎಚ್‌ಎಲ್ ಟೌರಿಯ ಸ್ಲೈಡಿನಲ್ಲಿ ಮಾತ್ರ ‘ತೆಗೆದದ್ದು, ಬಣ್ಣ ಆಮೇಲೆ ಹಚ್ಚಿದ್ದು’ ಎಂದಿದೆ.