ಆಡೋಕೆ ಬರದವರು

2022ರ ಫುಟ್‌ಬಾಲ್ ವಿಶ್ವಕಪ್. ಮಂಗಳವಾರ ಅರ್ಜೆಂಟೀನಾ ಸೋತಿತು. ಇವತ್ತು ಗುರುವಾರ. ನನ್ನ ಗೆಳೆಯನ ವಾದ ಇನ್ನೂ ಮುಗಿದಿಲ್ಲ.

ಅವನ ಮನೆಯಲ್ಲಿ ನಾಲ್ಕು ಜನ ಸೇರಿದ್ದೆವು. ಐದನೆಯವನು ಅವನ ಹೆಂಡತಿಯ ತಮ್ಮ. ಬಂದಿದ್ದು ಮ್ಯಾಚ್ ನೋಡೋಕಲ್ಲ, ಮೊನ್ನೆ ಮರೆತು ಹೋಗಿದ್ದ ಫೋನ್ ಚಾರ್ಜರ್‌ಗೆ. ಕುರ್ಚಿಯ ತುದಿಯಲ್ಲಿ, ಇನ್ನೇನು ಎದ್ದು ಹೋಗುವವನ ಹಾಗೆ ಕೂತಿದ್ದ.

ಹತ್ತನೇ ನಿಮಿಷಕ್ಕೆ ಮೆಸ್ಸಿಯ ಪೆನಾಲ್ಟಿ ಗೋಲು. ಎದುರಿಗಿರುವುದು ಸೌದಿ ಅರೇಬಿಯಾ. ಇನ್ನೆಷ್ಟು ಗೋಲು ಅನ್ನೋ ಲೆಕ್ಕ ಶುರುವಾಯಿತು. ಗೆಳೆಯ ಐದು ಅಂದ, ನಾನು ನಾಲ್ಕು ಅಂದೆ. 36 ಮ್ಯಾಚಿಂದ ಸೋಲದ ತಂಡ, ಕಂಜೂಸುತನ ಯಾಕೆ?

ಗೋಲುಗಳು ಬಂದವು, ಬಂದ ಹಾಗೇ ಹೋದವು. ಮೆಸ್ಸಿಯದು ಒಂದು, ಲೌಟಾರೊ ಮಾರ್ಟಿನೆಜ್‌ನದು ಎರಡು. ಮೂರೂ ಆಫ್‌ಸೈಡ್, ಅಂದರೆ ಪಾಸ್ ಹೊರಡುವಾಗಲೇ ಎದುರಾಳಿಯ ಡಿಫೆಂಡರ್‌ಗಳ ಸಾಲು ದಾಟಿ ಹೋಗಿದ್ದರು, ಗೋಲು ಲೆಕ್ಕಕ್ಕಿಲ್ಲ. ಮೂರು ಸಲ ಎದ್ದು ಕುಣಿದು ಮೂರು ಸಲ ಕೂತೆವು. ಆಗ ಆ ಹುಡುಗ ಬಾಯಿ ಬಿಟ್ಟ.

"ಭಾವ, ಆ ಹಸಿರು ಶರ್ಟಿನವರು ಯಾಕೆ ಅಷ್ಟು ಮುಂದೆ ಬಂದು ನಿಂತಿದ್ದಾರೆ? ಹಿಂದೆಲ್ಲ ಖಾಲಿ ಇದೆಯಲ್ಲ."

"ಆಡೋಕೆ ಬರದವರು ಹಂಗೇ ನಿಲ್ಲೋದು ಕಣೋ."

ಎಲ್ಲರೂ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

ಎರಡನೇ ಹಾಫಿನ ಕಥೆ ನಿಮಗೆ ಗೊತ್ತೇ ಇದೆ. 48ನೇ ನಿಮಿಷಕ್ಕೆ ಸೌದಿಯ ಅಲ್ ಶೆಹ್ರಿ, 53ಕ್ಕೆ ಅಲ್ ದೌಸರಿ. ಆ ಎರಡನೆಯದು ಎಂಥ ಗೋಲು! ಸುತ್ತ ಇದ್ದವರನ್ನು ತಪ್ಪಿಸಿ, ದೂರದ ಮೂಲೆಗೆ ಹೊಡೆದು, ಪಲ್ಟಿ ಬೇರೆ ಹಾಕಿದ. ಗೆಳೆಯ ರಿಮೋಟ್ ಎಲ್ಲಿ ಅಂತ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಅವತ್ತಿನಿಂದ ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಹಿಂದೆಲ್ಲ ಖಾಲಿ ಇದೆಯಲ್ಲ. ಹೌದು, ಬೇಕಂತಲೇ ಖಾಲಿ ಬಿಟ್ಟಿದ್ದರು. ಪಾಸ್ ಬರುವ ಹೊತ್ತಿಗೆ ಸೌದಿಯ ನಾಲ್ಕೂ ಡಿಫೆಂಡರ್‌ಗಳು ಒಟ್ಟಿಗೆ ಮುಂದೆ ಸರಿಯುತ್ತಿದ್ದರು, ಅರ್ಜೆಂಟೀನಾದವರು ಹಿಂದೆ ಸಿಕ್ಕಿಬೀಳುತ್ತಿದ್ದರು. ಒಂದು ಹೆಜ್ಜೆ ತಪ್ಪಿದ್ದರೂ ನಮ್ಮ ಐದು ಗೋಲು ಆಗಿಬಿಡುತ್ತಿತ್ತು. ಎಂಥ ಗುಂಡಿಗೆ ಬೇಕು ಅದಕ್ಕೆ! ನಾವು ಲೈನ್ಸ್‌ಮನ್‌ಗೆ ಬೈಯುತ್ತಿದ್ದಾಗ ಚಾರ್ಜರ್‌ಗೆ ಬಂದವನು ಆ ಸಾಲನ್ನು ನೋಡುತ್ತಿದ್ದ. ಹಾಗಾದರೆ ಇಪ್ಪತ್ತು ವರ್ಷದಿಂದ ನಾನು ನೋಡಿದ್ದೇನು? ಒಂದೇ ಕಡೆಯ ಹನ್ನೊಂದು ಜನರನ್ನಾ?

ಗೆಳೆಯ ಒಳ್ಳೆಯವನು. ಆದರೆ ತನ್ನ ತಂಡ ಸೋತಾಗ ಎದುರಿನವರು ಗೆದ್ದರು ಅನ್ನೋ ಮಾತು ಮಾತ್ರ ಅವನ ಬಾಯಲ್ಲಿ ಬರುವುದಿಲ್ಲ. ಬಿಸಿಲು ಅಂದ, ವಿಡಿಯೋ ನೋಡಿ ತೀರ್ಪು ಕೊಡೋ ವಿಎಆರ್ ಅಂದ. ನಿನ್ನೆ ಜಪಾನ್ ಕೂಡ ಅದೇ 2-1ರಲ್ಲಿ ಜರ್ಮನಿಯನ್ನು ಕೆಡವಿದ ಮೇಲೆ ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು. ಫೋನ್ ಮಾಡಿ ಹಳೇ ಲೆಕ್ಕ ತೆಗೆದ. 2010ರಲ್ಲಿ ಸ್ಪೇನ್ ಮೊದಲ ಮ್ಯಾಚಲ್ಲೇ ಸ್ವಿಟ್ಜರ್ಲೆಂಡ್‌ಗೆ ಸೋತಿತ್ತು, ಕೊನೆಗೆ ಕಪ್ ಯಾರು ಎತ್ತಿದ್ದು? ನಾನು ಸುಮ್ಮನಿರಬಹುದಿತ್ತು. 2002ರ ಫ್ರಾನ್ಸ್ ನೆನಪಿಸಿದೆ. ಕಪ್ ಗೆದ್ದು ನಾಲ್ಕೇ ವರ್ಷ, ಸೆನೆಗಲ್‌ಗೆ ಸೋತು, ಒಂದೇ ಒಂದು ಗೋಲೂ ಹೊಡೆಯದೆ ವಾಪಸ್ ಹೋದವರು. ಫೋನ್ ಇಟ್ಟುಬಿಟ್ಟ.

ಅರ್ಧ ಗಂಟೆಗೆ ಮತ್ತೆ ಅವನದೇ ಫೋನ್. ಭಾಮೈದನಿಗೆ ಫೋನ್ ಮಾಡಿದ್ದನಂತೆ. ಶನಿವಾರ ಮೆಕ್ಸಿಕೋ ಮ್ಯಾಚ್ ಇದೆ, ಬಾರೋ, ಜೊತೆಗೆ ಕೂತು ನೋಡೋಣ ಅಂತ.

"ಏನಂದ?"

"ಯಾಕೆ ಭಾವ, ಚಾರ್ಜರ್ ಸಿಕ್ತಲ್ಲ ಅಂದ."